ಕಲ್ಲಿನ ಥೇಟರಿನ ಬಾಲ್ಕನಿ

ಆ ಕಟ್ಟಡಕ್ಕೆ ಭದ್ರತೆಯ ಸರ್ಟಿಫಿಕೇಟ್ ಸಿಗುವುದು ಸಾಧ್ಯವೇ ಇಲ್ಲ ಎಂದು ಮೊದಲು ಹೇಳಿದವರು ಸರ್ಕಾರಿ ಇಂಜಿನಿಯರ್ ಸಾಹೇಬರು. ಎರಡನೆಯವನು ನನ್ನ ಅಪ್ಪ.

ಸಾಹೇಬರ ಮಾತು ನನಗೆ ತಾಗಲಿಲ್ಲ. ಹಳೆಯ ಕಟ್ಟಡವನ್ನು ಕೆಡವಿ ಎಂದು ಬರೆದವರನ್ನು ನಾಳೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಇರಲಿ ಎಂದು ಬರೆದವರನ್ನು ಜೀವನಪೂರ್ತಿ ಕೇಳುತ್ತಾರೆ. ಆದರೆ ಅಪ್ಪ ಹಾಗೆ ಹೇಳುವ ಮನುಷ್ಯನಲ್ಲ. ಅವನು ಭಂಕೂರಿನ ಫರಸಿ ಮೇಸ್ತ್ರಿ. ಫರಸಿ ಎಂದರೆ ನಮ್ಮ ನೆಲದಡಿ ಪದರ ಪದರವಾಗಿ ಸಿಗುವ, ನಾಡಿಗೆಲ್ಲ ಶಹಾಬಾದ ಕಲ್ಲು ಎಂದು ಗೊತ್ತಿರುವ ಹಾಸುಗಲ್ಲು. ಅಪ್ಪನಿಗೆ ಓದು ಬರಹ ಬರುವುದಿಲ್ಲ. ನಾನು ಇಂಜಿನಿಯರಿಂಗ್ ಸೇರುತ್ತೇನೆ ಎಂದಾಗ, ಕಲ್ಲು ಒಡೆಯುವವನ ಮಗಳು ಕಲ್ಲಿಗೆ ಲೆಕ್ಕ ಹಾಕುತ್ತಾಳಂತೆ ಎಂದು ಓಣಿಯೆಲ್ಲ ನಕ್ಕಿತ್ತು. ಆಗ “ಆಗತದ” ಎಂದವನು ಅಪ್ಪ ಒಬ್ಬನೇ. ಕಲಬುರಗಿಗೆ ಹೋಗುವ ಪ್ಯಾಸೆಂಜರ್ ರೈಲು ತಪ್ಪಬಾರದೆಂದು ದಿನವೂ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಸ್ಟೇಷನ್ನಿಗೆ ಬಿಟ್ಟವನು. ಅಂಥವನು ಚಹಾದ ಬಸಿ ಕೆಳಗಿಟ್ಟು ಹೇಳಿದ:

“ಅದಕ್ಕ ಸಹಿ ಹಾಕಬ್ಯಾಡವ್ವ. ಅದು ನಿಂದ್ರಲ್ಲ.”

ಯಾಕೆ ಎಂದು ಕೇಳಿದೆ. ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದುಹೋದ.

ಶಹಾಬಾದದ ಹಳೆಯ ಪೇಟೆಯಲ್ಲಿರುವ ಆ ಕಟ್ಟಡವನ್ನು ಎಲ್ಲರೂ ಕಲ್ಲಿನ ಥೇಟರ್ ಎಂದೇ ಕರೆಯುತ್ತಾರೆ. ನಿಜಾಮರ ಕಾಲದಲ್ಲಿ ಒಬ್ಬ ಕಲ್ಲಿನ ಸಾವುಕಾರ ಹೈದರಾಬಾದಿನಲ್ಲಿ ನಾಟಕ ನೋಡಿ ಬಂದು, ನನ್ನ ಊರಿನಲ್ಲೂ ಇಂಥದೊಂದು ಇರಬೇಕು ಎಂದು ಹಟಕ್ಕೆ ಬಿದ್ದು ಕಟ್ಟಿಸಿದನಂತೆ. ಮುಂಭಾಗದಲ್ಲಿ ಐದು ಕಮಾನುಗಳು, ಎಲ್ಲವೂ ನೀಲಿಗಪ್ಪು ಕಲ್ಲು, ಸುಣ್ಣದ ಗಚ್ಚಿನ ಕಟ್ಟಡ. ಒಳಗೆ ಲಾಳದ ಆಕಾರದ ಬಾಲ್ಕನಿ. ಹೆಣ್ಣುಮಕ್ಕಳು ಕೂರಲೆಂದು ಅದರ ಎಡತುದಿಗೆ ಕಲ್ಲಿನ ಜಾಲಂದ್ರ. ರಂಗದ ಹಲಗೆಗಳ ಕೆಳಗೆ, ಮಾತು ಕೊನೆಯ ಸಾಲಿನವರೆಗೆ ಕೇಳಿಸಲಿ ಎಂದು, ಬಾಯಿ ಮೇಲೆ ಮಾಡಿ ಹೂಳಿದ ಮಣ್ಣಿನ ಗಡಿಗೆಗಳು. ಮೊದಲು ನಾಟಕ ಕಂಪನಿಗಳು ಆಡಿದವು, ಆಮೇಲೆ ಪರದೆ ಕಟ್ಟಿ ಸಿನಿಮಾ ತೋರಿಸಿದರು, ಆಮೇಲೆ ಬೀಗ ಬಿತ್ತು. ಈಗ ಊರಿನ ನಾಟಕದ ಹುಚ್ಚಿನ ಜನ ಒಂದು ಸಮಿತಿ ಮಾಡಿಕೊಂಡು ಮತ್ತೆ ತೆರೆಯಲು ಹೊರಟಿದ್ದರು. ಅಷ್ಟರಲ್ಲಿ ನೋಟಿಸು ಬಂತು: ಒಂದು ತಿಂಗಳೊಳಗೆ ಕಟ್ಟಡ ಭದ್ರವಾಗಿದೆ ಎಂಬ ಪ್ರಮಾಣಪತ್ರ ಕೊಡಬೇಕು, ಇಲ್ಲದಿದ್ದರೆ ಕೆಡವಲಾಗುವುದು. ಕಲಬುರಗಿಯ ಇಬ್ಬರು ಇಂಜಿನಿಯರುಗಳು ನೋಡಿ ಕೈಮುಗಿದು ಹೋದ ಮೇಲೆ ಸಮಿತಿಯವರು ಸೇಡಂನಲ್ಲಿರುವ ನನ್ನ ಸಣ್ಣ ಕಚೇರಿಯ ಮೆಟ್ಟಿಲು ಹತ್ತಿದ್ದರು.

ಬೀಗದ ಕೈ ಇದ್ದದ್ದು ಒಬ್ಬ ಮುದುಕರ ಬಳಿ. ಸಿನಿಮಾ ಕಾಲದಲ್ಲಿ ಮಷಿನ್ ಓಡಿಸುತ್ತಿದ್ದವರು, ಈಗ ಕಾವಲು. ಎಲ್ಲರಿಗೂ ಅವರು ಚಾಚಾ. ಮೊದಲ ದಿನ ನನ್ನನ್ನು ಬಾಲ್ಕನಿಗೆ ಕರೆದೊಯ್ಯುವಾಗ ಕೊನೆಯ ಮೆಟ್ಟಿಲಿನ ಮೇಲೆ ನಿಂತು ಉಸಿರು ತೆಗೆದುಕೊಂಡರು.

“ಇಂಜಿನಿಯರ್ ಬೇಟಿ, ಇದೊಂದು ಮೆಟ್ಲ ನೋಡು, ಎರಡರಷ್ಟು ಅದ. ಕಟ್ಟಿದಾವ್ರಿಗಿ ಗೊತ್ತಿದ್ದಿಲ್ಲ, ನಾ ಒಂದಿನ ಮುದುಕ ಆಗ್ತೀನಂತ.”

ನಕ್ಕು, ಟೇಪಿನಿಂದ ಅಳೆದು, ಬರೆದುಕೊಂಡೆ. ಉಳಿದ ಮೆಟ್ಟಿಲುಗಳೆಲ್ಲ ಏಳಿಂಚು, ಇದೊಂದೇ ತೀರ ಎತ್ತರ. ಬಾಲ್ಕನಿಯ ಅಂಚಿನ ಬೀಡುಕಬ್ಬಿಣದ ಕಟಾಂಜನವೂ ನನ್ನ ತೊಡೆಯ ನಡುವಿಗಷ್ಟೇ ಬರುತ್ತಿತ್ತು. ಹಳೆಯ ಕಾಲದವರಿಗೆ ಸುರಕ್ಷತೆಯ ಗೊಡವೆ ಇರಲಿಲ್ಲ ಎಂದುಕೊಂಡು, “ಕಟಾಂಜನ ಎತ್ತರಿಸಬೇಕು” ಎಂದು ಬರೆದೆ. ಎರಡು ಸಾಕ್ಷಿ ಕಣ್ಣೆದುರಿಗೇ ಇದ್ದವು. ಎರಡನ್ನೂ ಅಳೆದೆ, ಒಂದನ್ನೂ ನೋಡಲಿಲ್ಲ.

ಹನ್ನೆರಡು ದಿನ ಅಳತೆಯಲ್ಲೇ ಹೋಯಿತು. ಗೋಡೆಗಳಿಗೆ ತೂಗುಗುಂಡು ಬಿಟ್ಟು ವಾಲಿಕೆ ನೋಡಿದೆ. ಬಿರುಕುಗಳ ಅಡ್ಡಕ್ಕೆ ತೆಳುವಾದ ಗಾಜಿನ ಪಟ್ಟಿಗಳನ್ನು ಅಂಟಿಸಿದೆ. ಬಿರುಕು ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಒಂದೂ ಒಡೆಯಲಿಲ್ಲ. ಗೋಡೆ ಭದ್ರ, ಕಮಾನು ಭದ್ರ, ಮೇಲಿನ ಸಾಗುವಾನಿ ತೊಲೆಗಳಲ್ಲಿ ಎರಡಕ್ಕೆ ಮಾತ್ರ ಗೆದ್ದಲು. ಅನುಮಾನ ಉಳಿದಿದ್ದು ಬಾಲ್ಕನಿಯ ಮೇಲೆ. ಅದರ ಹೊಟ್ಟೆಯಲ್ಲಿರುವುದು ವಾಡಿ ಜಂಕ್ಷನ್ನಿನಲ್ಲಿ ಬಳಸಿ ಬಿಟ್ಟ ರೈಲು ಹಳಿಗಳು. ಪ್ರತಿ ಹಳಿಯ ಹಿಂದಿನ ತುದಿ ಗೋಡೆಯೊಳಗೆ ಹೂತಿದೆ, ನಡುವೆ ಕಬ್ಬಿಣದ ಕಂಬಗಳ ಮೇಲಿನ ತೊಲೆಯ ಆಸರೆ, ಮುಂದಿನ ತುದಿ ಮೂರಡಿ ಗಾಳಿಯಲ್ಲಿ ಚಾಚಿದೆ. ಹಳಿಗಳ ನಡುವೆ ಕಲ್ಲಿನ ಚಪ್ಪಡಿ, ಮೇಲೆ ಗಚ್ಚು, ಅದರ ಮೇಲೆ ಫರಸಿ. ಅಂಚಿಗೆ ಕೆತ್ತನೆಯ ಮರದ ಪಟ್ಟಿ ಹೊದಿಸಿದ್ದರಿಂದ ನೆಲದ ದಪ್ಪ ಕಾಣುತ್ತಿರಲಿಲ್ಲ. ಆ ಕಾಲದ ರೂಢಿಯಂತೆ ಒಂದು ದಪ್ಪ ಹಿಡಿದು ಲೆಕ್ಕ ಮಾಡಿದೆ. ಲೆಕ್ಕದ ಪ್ರಕಾರ ಬಾಲ್ಕನಿ ಆರಾಮಾಗಿ ನಿಲ್ಲಬೇಕು. ಆದರೆ ಕಾಗದದ ಲೆಕ್ಕ ನಂಬಿ ಇಷ್ಟು ಜನರ ತಲೆಯ ಮೇಲಿನ ಭಾರಕ್ಕೆ ಸಹಿ ಹಾಕುವುದು ನನಗೆ ಬೇಡವಾಗಿತ್ತು. ಭಾರ ಹೊರಿಸಿ ಪರೀಕ್ಷೆ ಮಾಡುತ್ತೇನೆ ಎಂದು ಸಾಹೇಬರಿಗೆ ಪತ್ರ ಬರೆದೆ.

ಪರೀಕ್ಷೆಯ ದಿನ ಸಾಹೇಬರು ಬಂದರು, ಸಮಿತಿಯವರು ಬಂದರು. ಅಪ್ಪನೂ ಬಂದ, ಆದರೆ ಒಳಗೆ ಬರಲಿಲ್ಲ. ಪಕ್ಕದ ಬಾಗಿಲ ಹೊರಗೆ ಬಿಸಿಲಿನಲ್ಲೇ ನಿಂತ.

ಹೊರಿಸುವ ಭಾರಕ್ಕೂ ನಮ್ಮೂರಲ್ಲಿ ಫರಸಿಯೇ. ಒಂದೊಂದು ಕಲ್ಲನ್ನೂ ತೂಗಿ, ಮೇಲೆ ಸುಣ್ಣದಲ್ಲಿ ತೂಕ ಬರೆದು ಜೋಡಿಸಿದ್ದೆವು. ಬಾಲ್ಕನಿ ಕುಸಿದರೆ ಹಿಡಿಯಲೆಂದು ಒಂದಿಂಚು ಕೆಳಗೆ ಉಕ್ಕಿನ ಆಸರೆ ನಿಲ್ಲಿಸಿದ್ದೆ. ಹಳಿಗಳಿಗೆ ಕೆಳಗಿನಿಂದ ಏಳು ಡಯಲ್ ಗೇಜುಗಳು, ನಾನು ಓದಿದ ಕಾಲೇಜಿನಿಂದ ಬೇಡಿ ತಂದವು. ಗಡಿಯಾರದಂಥ ಯಂತ್ರ, ಹಳಿ ಮಿಲಿಮೀಟರಿನ ನೂರನೇ ಒಂದು ಭಾಗ ಬಾಗಿದರೂ ಮುಳ್ಳು ತಿರುಗಿ ತೋರಿಸುತ್ತದೆ. ಬಾಲ್ಕನಿ ತುಂಬ ಜನ ಕೂತಾಗ ಬೀಳುವ ಭಾರ, ಅದರ ಮೇಲೆ ಇನ್ನೊಂದು ಕಾಲು ಭಾಗ, ಇಷ್ಟನ್ನು ನಾಲ್ಕು ಹಂತದಲ್ಲಿ ಏರಿಸಬೇಕು. ಪ್ರತಿ ಹಂತದ ನಂತರ ಕಾಯಬೇಕು. ಮುಳ್ಳು ನಿಂತ ಮೇಲೆಯೇ ಮುಂದಿನದು.

ಮೊದಲ ಹಂತಕ್ಕೆ ಮುಳ್ಳುಗಳು ತಿರುಗಿ ನಿಂತವು. ಎರಡನೆಯ ಹಂತಕ್ಕೆ ಆರು ನಿಂತವು. ಎಡಗಡೆಯ ಮೂರನೆಯ ಹಳಿಯದು ನಿಲ್ಲಲಿಲ್ಲ. ಮೇಲೆ ಕಲ್ಲು ಇಡುವುದನ್ನು ನಿಲ್ಲಿಸಿ ಹತ್ತು ನಿಮಿಷ ಆಗಿತ್ತು, ಅದು ಸಣ್ಣಗೆ ತೆವಳುತ್ತಲೇ ಇತ್ತು. ಇಪ್ಪತ್ತು ನಿಮಿಷ. ಅರ್ಧ ತಾಸು. ಆಮೇಲೆ ಜಾಲಂದ್ರದ ಪಕ್ಕದ ಬಿರುಕಿಗೆ ಅಂಟಿಸಿದ್ದ ಗಾಜು ಚಿಟ್ ಎಂದಿತು.

ಭಾರ ಇಳಿಸಿ ಎಂದೆ.

ಸಾಹೇಬರು ಕೆಟ್ಟವರಲ್ಲ. ಎಲ್ಲರ ಎದುರಿಗೆ ಅವಮಾನ ಮಾಡಲಿಲ್ಲ. ಪಕ್ಕಕ್ಕೆ ಕರೆದು, ಬಾಲ್ಕನಿಗೆ ಶಾಶ್ವತವಾಗಿ ಬೀಗ ಹಾಕುತ್ತೇವೆ ಎಂದು ಬರೆದು ಕೆಳಗಿನ ಭಾಗಕ್ಕಷ್ಟೇ ಸರ್ಟಿಫಿಕೇಟ್ ಕೊಡಿ, ನಾನು ಅಡ್ಡ ಬರುವುದಿಲ್ಲ ಎಂದರು. ಗಡುವಿಗೆ ಎಂಟು ದಿನ ಉಳಿದಿತ್ತು.

ಸುಳ್ಳು ಯಾಕೆ ಹೇಳಲಿ, ಆ ದಾರಿ ನನಗೆ ಭಾಳ ಹಿಡಿಸಿತು. ಕಟ್ಟಡ ಉಳಿಯುತ್ತದೆ, ನನ್ನ ಮಾನವೂ ಉಳಿಯುತ್ತದೆ. ಸಂಜೆ ಭಂಕೂರಿಗೆ ಹೋಗುವ ತನಕ ಅದನ್ನೇ ಬರೆಯುವುದೆಂದು ನಿಶ್ಚಯಿಸಿದ್ದೆ. ಮನಸ್ಸಿನ ಮೂಲೆಯಲ್ಲಿ ಒಂದೇ ತಕರಾರು. ನನ್ನ ಲೆಕ್ಕದ ಪ್ರಕಾರ ಆ ಹಳಿ ಹಾಗೆ ತೆವಳಬೇಕಾದರೆ ನಾವು ಹೊರಿಸಿದ್ದರ ದುಪ್ಪಟ್ಟಿಗಿಂತ ಹೆಚ್ಚು ಭಾರ ಬೇಕು. ಹಾಗಿದ್ದರೆ ನನಗೆ ಗೊತ್ತಿಲ್ಲದ ಭಾರ ಯಾವುದೋ ಮೊದಲೇ ಅಲ್ಲಿ ಕೂತಿದೆ. ಯಾವುದು?

ಮನೆಯ ಬಾಗಿಲು ದಾಟುವಾಗ ಚಿಕ್ಕಂದಿನಿಂದ ಮಾಡುವಂತೆ ತಲೆ ತಗ್ಗಿಸಿದೆ. ತಗ್ಗಿಸಿದ ಹಾಗೇ ನಿಂತುಬಿಟ್ಟೆ.

ನಮ್ಮ ಮನೆಯ ಬಾಗಿಲು ಗಿಡ್ಡದ್ದಲ್ಲ. ಅಜ್ಜ ಕಟ್ಟಿಸಿದಾಗ ಎತ್ತರದ ಆಳು ನೆಟ್ಟಗೆ ನಡೆದು ಒಳಗೆ ಬರುತ್ತಿದ್ದನಂತೆ. ನೆಲ ಸವೆದಾಗ ಅಪ್ಪ ಹಳೆಯ ಫರಸಿ ಕೀಳದೆ ಅದರ ಮೇಲೆಯೇ ಹೊಸದು ಹಾಕಿದ. ಅಕ್ಕನ ಮದುವೆಗೆ ಇನ್ನೊಂದು ಪದರ. ಭಂಕೂರಿನಲ್ಲಿ, ಶಹಾಬಾದದಲ್ಲಿ, ಅತ್ತ ಚಿತ್ತಾಪುರದವರೆಗೂ ಇದೇ ಪದ್ಧತಿ. ಬೇರೆ ಊರಿನವರು ಹೊಸ ನೆಲ ಹಾಕಲು ಹಳೆಯದನ್ನು ಕಿತ್ತು ಹಾಕುತ್ತಾರೆ. ನಮ್ಮಲ್ಲಿ ಕಲ್ಲು ಕಾಲಡಿಗೇ ಸಿಗುತ್ತದೆ, ಕೀಳುವ ಕಷ್ಟ ಯಾರಿಗೆ ಬೇಕು? ನಮ್ಮ ಮನೆಗಳಲ್ಲಿ ನೆಲ ಮೇಲೇರುತ್ತದೆ, ಬಾಗಿಲು ಗಿಡ್ಡವಾಗುತ್ತದೆ, ಜನ ತಲೆ ತಗ್ಗಿಸುವುದನ್ನು ಕಲಿಯುತ್ತಾರೆ.

ಎತ್ತರದ ಮೆಟ್ಟಿಲು. ತೊಡೆಯೆತ್ತರದ ಕಟಾಂಜನ.

ಅಪ್ಪ ಒಳಗೆ ಗೋಡೆಗೆ ಒರಗಿ ಕೂತಿದ್ದ. ಥೇಟರಿನ ಬಾಲ್ಕನಿಯ ಮೇಲೆ ಎಷ್ಟು ಪದರ ಹಾಕಿದ್ದಾರೆ ಎಂದು ಕೇಳಿದೆ. ಅವನು ತನ್ನ ಅಂಗೈ ನೋಡಿಕೊಂಡ.

“ಕಟ್ಟಿದಾಗಿಂದು ಒಂದು. ಮ್ಯಾಲ ಎರಡು. ಎರಡೂ ನಾನೇ ಹಾಕೀನಿ.”

ಸಿನಿಮಾ ಶುರುವಾದಾಗ ಕುರ್ಚಿಗಳಿಗೆ ಬೋಲ್ಟ್ ಹೊಡೆದು ಹಳೆಯ ನೆಲ ಹಾಳಾಗಿತ್ತಂತೆ, ಆಗ ಒಂದು ಪದರ. ಹಲವು ವರ್ಷಗಳ ನಂತರ ಹೊಳಪು ಬೇಕೆಂದು ಮಾಲೀಕರು ಹೇಳಿದರು, ಆಗ ಇನ್ನೊಂದು. ಎರಡನೆಯ ಸಲ ಕೆಲಸ ಮುಗಿಯುವ ದಿನ ಎಡಗಡೆ ಕೆಳಗಿನಿಂದ ಏನೋ ನರಳಿದಂಥ ಸದ್ದು ಬಂತು. ಅಪ್ಪ ಕರಣಿ ಕೆಳಗಿಟ್ಟು ಮ್ಯಾನೇಜರನಿಗೆ ಹೇಳಿದ. ಕಲ್ಲು ಕೂತುಕೊಳ್ಳುವ ಸದ್ದು, ಮುಗಿಸು ಎಂದು ಅವನು ಗದರಿದ. ಅಪ್ಪ ಮುಗಿಸಿದ.

“ಆವತ್ತಿಂದ ಅದರ ಕೆಳಗ ನಾ ಕುಂತಿಲ್ಲ. ನಿಮಗೂ ಕುಂದ್ರಸಿಲ್ಲ.”

ನಾವು ಸಿನಿಮಾಕ್ಕೆ ಹೋದಾಗಲೆಲ್ಲ ಅಪ್ಪ ನಮ್ಮನ್ನು ಪರದೆಯ ಎದುರಿನ ಬೆಂಚಿನಲ್ಲಿ ಕೂರಿಸುತ್ತಿದ್ದ. ಕುತ್ತಿಗೆ ನೋಯುತ್ತಿತ್ತು. ಹಿಂದೆ ಬಾಲ್ಕನಿಯ ಕೆಳಗೆ ಕುರ್ಚಿಗಳಲ್ಲಿ ಕೂತ ಗೆಳತಿಯರು ನೋಡುತ್ತಾರೆಂದು ನಾನು ತಿರುಗುತ್ತಿರಲಿಲ್ಲ. ನಾವು ಬಡವರು, ನಮ್ಮ ಜಾಗ ಅದೇ ಎಂದು ಇಷ್ಟು ವರ್ಷ ತಿಳಿದಿದ್ದೆ.

ಕಾಗದ ಪೆನ್ನು ತೆಗೆದು ಅಲ್ಲಿಯೇ ಲೆಕ್ಕ ಹಾಕಿದೆ. ಎರಡು ಪದರ ಫರಸಿ, ಅವುಗಳ ಕೆಳಗೆ ಗಟ್ಟಿ ಸಿಮೆಂಟಿನ ಹಾಸು. ಚದರ ಮೀಟರಿಗೆ ಹತ್ತಿರ ಹತ್ತಿರ ನಾನೂರು ಕಿಲೋ. ಬಾಲ್ಕನಿ ತುಂಬ ಜನ ಕೂತರೆ ಬೀಳುತ್ತದೆಂದು ನಾವು ಹಿಡಿಯುವ ಭಾರವೂ ಅಷ್ಟೇ. ಅಂದರೆ ಬೀಗ ಹಾಕಿದ ಆ ಖಾಲಿ ಥೇಟರಿನಲ್ಲಿ ಇಷ್ಟು ವರ್ಷವೂ ಹೌಸ್‌ಫುಲ್. ಬಾಲ್ಕನಿಗೆ ಬೀಗ ಜಡಿದರೂ ಆ ಜನ ಎದ್ದುಹೋಗುವವರಲ್ಲ. ಸಾಹೇಬರು ತೋರಿಸಿದ ದಾರಿ ಹಿಡಿದಿದ್ದರೆ ಕೆಳಗೆ ಕೂತವರ ತಲೆಯ ಮೇಲೆ ಅದೇ ಭಾರ ಇಟ್ಟು ಸಹಿ ಹಾಕುತ್ತಿದ್ದೆ.

ಪದರಗಳನ್ನು ತೆಗೆಯಬೇಕು, ಮತ್ತೆ ಪರೀಕ್ಷೆ ಮಾಡಬೇಕು. ಬೇರೆ ದಾರಿಯಿಲ್ಲ ಎಂದು ಆಗಲೇ ತೀರ್ಮಾನಿಸಿದೆ.

ಮರುದಿನ ಬೆಳಿಗ್ಗೆ ಸಮಿತಿ ಕರೆಸಿದ ಗುತ್ತಿಗೆದಾರ ಒಡೆಯುವ ಮಷಿನ್ ತಂದರೆ ಎರಡೇ ದಿನದ ಕೆಲಸ ಎಂದ. ನಾನು ಒಪ್ಪಲಿಲ್ಲ. ಆ ಮಷಿನ್ನಿನ ನಡುಕಕ್ಕೆ ಹಳಿಗಳ ನಡುವಿನ ಚಪ್ಪಡಿಗಳು ಸಡಿಲಾಗಿ ಉದುರಬಹುದು. ಕೈಯಿಂದಲೇ, ಹಾರೆ ಉಳಿಯಿಂದ, ಒಂದೊಂದೇ ಕಲ್ಲು ಎಬ್ಬಿಸಬೇಕು. ಗಡುವಿನೊಳಗೆ ಅದು ಮುಗಿಯುವುದಿಲ್ಲ ಎಂದು ಅವನು ಹೊರಟುಹೋದ. ಹೊತ್ತೇರುವಾಗ ಅಪ್ಪ ತನ್ನ ವಾರಿಗೆಯ ಮೂವರನ್ನು ಕರೆದುಕೊಂಡು ಬಂದ. ನಾಲ್ವರಿಗೂ ಅರವತ್ತು ದಾಟಿದೆ, ಇಬ್ಬರಿಗೆ ಮೊಣಕಾಲು ನೋವು.

ಚಾಚಾ ಬಾಗಿಲಲ್ಲಿ ನಿಂತು ನೋಡಿದರು. “ಮೇಸ್ತ್ರಿ, ನೀ ಏನ್ ಬಾಲ್ಕನಿ ರಿಪೇರಿಗಿ ಬಂದಿಯೋ, ದವಾಖಾನಿಗಿ ಹೊಂಟಿಯೋ?”

“ಮೊದಲ ಇದು. ಆಮ್ಯಾಲ ಅದು,” ಎಂದ ಅಪ್ಪ. “ಐದು ದಿನ.”

ಆದರೆ ಶುರುವಿನಲ್ಲೇ ನಮ್ಮಿಬ್ಬರಿಗೆ ತಕರಾರು ಬಂತು. ಅಪ್ಪ ಹಾರೆ ಹಿಡಿದು ನೇರವಾಗಿ ಹಿಂಬದಿಯ ಬಾಗಿಲ ಬಳಿ ಹೋಗಿ ಕೂತ. ಫರಸಿ ಹಾಕುವವರು ದೂರದ ಮೂಲೆಯಿಂದ ಹಾಕುತ್ತ ಬಾಗಿಲಿಗೆ ಬಂದು ಮುಗಿಸುತ್ತಾರೆ. ಕೀಳುವಾಗ ಕೊನೆಗೆ ಹಾಕಿದ್ದು ಮೊದಲು, ಅಂದರೆ ಬಾಗಿಲಿನಿಂದ. ನಾನು ಬೇಡ, ಮುಂದಿನ ಅಂಚಿನಿಂದ ಶುರು ಮಾಡಿ ಎಂದೆ. ಕಟಾಂಜನದ ಬಳಿ ಮೊದಲ ಕಲ್ಲಿಗೆ ಹಾರೆ ಹಾಕಲು ಸಂದು ಸಹ ಇಲ್ಲ ಎಂದು ಅಪ್ಪನ ಗೆಳೆಯರು ಗೊಣಗಿದರು. ಮೇಸ್ತ್ರಿಗೆ ಮಗಳು ಕೆಲಸ ಕಲಿಸುತ್ತಿದ್ದಾಳೆ ಎಂದು ಒಬ್ಬ ನಕ್ಕೂ ನಕ್ಕ.

ನಾನು ಸ್ಕೇಲ್ ತೆಗೆದು ಮೇಜಿನ ಮೇಲಿಟ್ಟೆ, ಮೂರನೇ ಒಂದು ಭಾಗ ಅಂಚಿನಿಂದ ಹೊರಗೆ ಚಾಚುವಂತೆ. ಹೊರತುದಿಗೂ ಒಳತುದಿಗೂ ಒಂದೊಂದು ಕಲ್ಲಿನ ಚೂರು ಇಟ್ಟೆ. ಒಳಗಿನ ಚೂರು ತೆಗೆದೆ. ಸ್ಕೇಲ್ ಮಗುಚಿ ಕೆಳಗೆ ಬಿತ್ತು. ಗೋಡೆಯ ಕಡೆಯ ಭಾರ ಮೊದಲು ತೆಗೆದರೆ ಹಳಿಯ ಹಿಂದಿನ ತುದಿ ಗೋಡೆಯನ್ನು ಎಬ್ಬಿಸಿಕೊಂಡು ಮೇಲೇಳುತ್ತದೆ ಎಂದೆ.

ಅಪ್ಪ ಬಗ್ಗಿ ಸ್ಕೇಲ್ ಎತ್ತಿಕೊಟ್ಟ. ಹಾರೆ ಹೆಗಲಿಗೆ ಹಾಕಿಕೊಂಡು ಮುಂದಿನ ಅಂಚಿಗೆ ನಡೆದ. ಅವನ ಹಿಂದೆ ಮೂವರೂ ನಡೆದರು.

ಎಡಕ್ಕೊಂದು ಕಲ್ಲು ಎದ್ದರೆ ಬಲಕ್ಕೊಂದು, ಭಾರ ಒಂದೇ ಕಡೆ ಉಳಿಯಬಾರದು. ನಾನು ಕೆಳಗೆ ಗೇಜುಗಳ ಬಳಿ ಕೂತು ಮುಳ್ಳು ಓದಿ ಹೇಳುತ್ತಿದ್ದೆ. ಈ ಸಲ ಮುಳ್ಳುಗಳು ಹಿಂದಕ್ಕೆ ತಿರುಗುತ್ತಿದ್ದವು. ಹಳಿಗಳು ಉಸಿರು ಬಿಟ್ಟಂತೆ ಕೂದಲೆಳೆಯಷ್ಟು ಮೇಲೇಳುತ್ತಿದ್ದವು. ಮೂರನೆಯ ದಿನ ಎರಡನೆಯ ಪದರ ಏಳುತ್ತಿರುವಾಗ ಅಪ್ಪ ಮೇಲಿನಿಂದ ಕರೆದ. ಎಡಗಡೆಯ ಮೂರನೆಯ ಹಳಿಯ ಮೇಲಿನ ಸಿಮೆಂಟು ಹಸಿಯಾಗಿತ್ತು. ಮೊದಲು ನೆಲ ತೊಳೆದ ನೀರು, ಬೀಗ ಬಿದ್ದ ಮೇಲೆ ಸೂರು ಸೋರಿದ ಮಳೆನೀರು, ವರ್ಷಗಟ್ಟಲೆ ಆ ಮೂಲೆಗೆ ಇಳಿದು ಹೊರಗೆ ಹೋಗಲು ದಾರಿಯಿಲ್ಲದೆ ಕೂತಿತ್ತು. ಗೋಡೆ ಸ್ವಲ್ಪ ಬಿಡಿಸಿ ನೋಡಿದಾಗ ಹಳಿಯ ತುದಿ ಪದರ ಪದರವಾಗಿ ಕೈಗೆ ಬಂತು, ಅರ್ಧಕ್ಕರ್ಧ ತುಕ್ಕು.

ಅಪ್ಪನ ಮುಖ ನೋಡಲು ನನಗೆ ಆಗಲಿಲ್ಲ. ಮತ್ತೆ ಎಲ್ಲ ಮುಗಿಯಿತು ಎಂದುಕೊಂಡೆ. ಅರ್ಧ ತಾಸು ಆ ಮೂಲೆಯಲ್ಲೇ ಕೂತು ಗೀಚಿದೆ. ಗೋಡೆಯನ್ನು ನೆಚ್ಚದೆ, ಗೋಡೆಗೆ ಅಂಟಿ ನೆಲದಿಂದ ಒಂದು ಉಕ್ಕಿನ ಕಂಬ ಎಬ್ಬಿಸಿ, ಹಳಿಯ ಗಟ್ಟಿ ಭಾಗವನ್ನು ಅದರ ತಲೆಯ ಮೇಲೆ ಕೂರಿಸಿ ಕಚ್ಚಿಸಬಹುದು. ಆ ಕಂಬಕ್ಕೆ ಬುನಾದಿ ಇದೆಯೇ ಎಂದು ನೆಲ ಬಗೆದರೆ ಎರಡಡಿಗೇ ಬಂಡೆ. ಶಹಾಬಾದದಲ್ಲಿ ಕಟ್ಟಿದವರಿಗೆ ಅದೊಂದು ಪುಣ್ಯ. ವಾಡಿಯ ಒಬ್ಬ ವೆಲ್ಡಿಂಗ್ ಕೆಲಸದವರು ಚಿಂಚೋಳಿಯ ಕೆಲಸ ಬಿಟ್ಟು ಬಂದು ಒಂದೇ ದಿನದಲ್ಲಿ ಕಂಬ ಮಾಡಿ ನಿಲ್ಲಿಸಿದರು. ಅಪ್ಪನ ಕಡೆಯವರು ಅದೇ ದಿನ ಕೊನೆಯ ಕಲ್ಲು ಎಬ್ಬಿಸಿದರು. ಕೆಳಗೆ ಸಾವುಕಾರನ ಕಾಲದ ಮೂಲ ನೆಲ, ಬೋಲ್ಟಿನ ತೂತುಗಳ ಸಮೇತ. ಕೊನೆಯ ಮೆಟ್ಟಿಲು ತಗ್ಗಿ ಉಳಿದವುಗಳಷ್ಟೇ ಆಯಿತು. ಕಟಾಂಜನ ನನ್ನ ಸೊಂಟಕ್ಕೆ ಬಂತು. ಹಳೆಯ ಕಾಲದವರಿಗೆ ಎಲ್ಲ ಗೊತ್ತಿತ್ತು.

ಎರಡನೆಯ ಪರೀಕ್ಷೆಗೆ ಉಳಿದದ್ದು ಎರಡೇ ದಿನ. ಮತ್ತೆ ತೂಕ ಬರೆದ ಫರಸಿ, ಮತ್ತೆ ನಾಲ್ಕು ಹಂತ. ಎರಡನೆಯ ಹಂತದಲ್ಲಿ ನಾನು ಎಡಗಡೆಯ ಮೂರನೆಯ ಗೇಜಿನ ಮುಂದೆ ಮಂಡಿಯೂರಿ ಕೂತೆ. ಮುಳ್ಳು ತಿರುಗಿತು, ನಿಂತಿತು. ಮೂರನೆಯದು, ನಿಂತಿತು. ಪೂರ್ತಿ ಭಾರ ಏರಿದ ಮೇಲೆ ಸಾಹೇಬರು ತಾವೇ ಬಗ್ಗಿ ಏಳೂ ಮುಳ್ಳು ಓದಿದರು. ಇಪ್ಪತ್ನಾಲ್ಕು ತಾಸು ಹಾಗೇ ಬಿಟ್ಟು ಭಾರ ಇಳಿಸಬೇಕು. ಬಾಗಿದ್ದರಲ್ಲಿ ಮುಕ್ಕಾಲು ಭಾಗವಾದರೂ ಹಿಂದಕ್ಕೆ ಬರಬೇಕು, ಇದು ನಾನು ಹಿಡಿದ ನಿಯಮ. ಮರುದಿನ ಕಲ್ಲು ಇಳಿಸುತ್ತ ಹೋದಂತೆ ಮುಳ್ಳುಗಳು ಒಂದೊಂದಾಗಿ ಮನೆಗೆ ಮರಳಿದವು. ಮೂರನೆಯದು ಎಲ್ಲಕ್ಕಿಂತ ನಿಧಾನ, ಆದರೆ ಬಂತು. ಮುಕ್ಕಾಲಿಗಿಂತ ಚೆನ್ನಾಗಿಯೇ ಬಂತು.

ನಾನು ಓದಿದ ಅಂಕಿಗಳನ್ನು ಇನ್ನೊಮ್ಮೆ ಸರಿನೋಡಿ ತಲೆ ಎತ್ತಿದಾಗ ಅಪ್ಪ ಹೊರಗಿನ ಬಿಸಿಲಿನಲ್ಲಿ ಇರಲಿಲ್ಲ. ಹಿಂದಿನ ಸಾಲಿನಲ್ಲಿ, ಬಾಲ್ಕನಿಯ ಕೆಳಗೆ, ಧೂಳಿನ ಕುರ್ಚಿಯೊಂದರ ಮೇಲೆ ಕೂತಿದ್ದ. ಖಾಲಿ ರಂಗವನ್ನು ನೋಡುತ್ತಿದ್ದ.

ಗಡುವಿನ ದಿನ ವರದಿ ಮತ್ತು ಪ್ರಮಾಣಪತ್ರ ಸಿದ್ಧಪಡಿಸಿದೆ. ಬಾಲ್ಕನಿಯ ನೆಲದ ಮೇಲೆ ಇನ್ನು ಮುಂದೆ ಯಾವ ಪದರವನ್ನೂ ಹಾಕಕೂಡದು ಎಂಬ ಷರತ್ತನ್ನು ದಪ್ಪ ಅಕ್ಷರದಲ್ಲಿ ಬರೆದೆ. ಸಾಹೇಬರು ಪ್ರತಿ ಪುಟವನ್ನೂ ತಿರುವಿ, ಎರಡು ಕಡೆ ಪ್ರಶ್ನೆ ಕೇಳಿ, ತಮ್ಮ ಪ್ರತಿಗೆ ಸ್ವೀಕೃತಿಯ ಸಹಿ ಹಾಕಿದರು. ನಮ್ಮ ಮನೆಯೊಳಗೂ ತಲೆ ತಗ್ಗಿಸಿಯೇ ಹೋಗಬೇಕು ಮೇಡಂ, ಒಮ್ಮೆ ಬಂದು ನೋಡಿ ಎಂದರು. ಅವರೂ ಈ ಕಡೆಯವರೇ.

ಮೂಲಪ್ರತಿಯನ್ನು ಐದು ಕಮಾನುಗಳ ಕೆಳಗೆ, ಸಮಿತಿಯವರೆಲ್ಲ ನಿಂತಿರುವಾಗ, ಬೀಗದ ಕೈ ಇಟ್ಟುಕೊಂಡವರೇ ಇಟ್ಟುಕೊಳ್ಳಲಿ ಎಂದು ಚಾಚಾನ ಕೈಗೆ ಕೊಟ್ಟೆ. ಅವರು ಅದನ್ನು ಕಣ್ಣಿಗೆ ಒತ್ತಿಕೊಂಡು ಪಕ್ಕದಲ್ಲಿದ್ದ ಅಪ್ಪನಿಗೆ ದಾಟಿಸಿದರು. ಅಪ್ಪ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಹಿಡಿದ. ನನ್ನ ಸಹಿಯ ಪಕ್ಕದ ಮುದ್ರೆಯ ಮೇಲೆ ಹೆಬ್ಬೆಟ್ಟು ಆಡಿಸಿದ.

“ಆ ಫರಸಿ ವಿಷಯ ಇದರಾಗ ಬರದೀಯೇನು?”

ಬರೆದಿದ್ದೇನೆ ಎಂದೆ.

“ಯಾರು ಹಾಕಿದ್ದು ಅಂತ?”

ಇಲ್ಲ, ಹೆಸರು ಬರೆದಿಲ್ಲ ಎಂದೆ. ಅವನಿಗೆ ಸಮಾಧಾನವಾಗಲಿ ಎಂದೇ ಬಿಟ್ಟಿದ್ದೆ.

ಅಪ್ಪ ಕಾಗದವನ್ನು ಮಡಚದೆ, ಎರಡೂ ಕೈಯಲ್ಲಿ ಹಿಡಿದು ಚಾಚಾಗೆ ಹಿಂತಿರುಗಿಸಿದ.

“ಬರೀಬೇಕಿತ್ತವ್ವ,” ಎಂದ. “ಹಾಕಿದಾವನೇ ತಗದಾನ ಅಂತ ಬರೀಬೇಕಿತ್ತು.”